ಬೀಜ ಬಿದ್ದಲ್ಲೆಲ್ಲ ಕಾಡು ಹುಟ್ಟುವುದಿಲ್ಲ

(ಪಶ್ಚಿಮ ಹಿಮಾಲಯದ ಮಿಶ್ರ ಕಾಡುಗಳಲ್ಲಿ ನೆಲಕ್ಕೂ ಸಸಿಗೂ ಇರುವ ಸಂಬಂಧ ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಎಲ್ಲರ ಮನಸ್ಸಿಗೂ ಇಳಿಯುವಂತೆ ಹೇಳಿಸಬೇಕೆಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡ ವಿಷಯ ಅಂಗುಲಗಳಲ್ಲಿ ಅಳೆಯುವಷ್ಟು ಸಣ್ಣದು. ಕಾಡಿನ ನೆಲದ ಮೇಲಿನ ಎರಡು ಮೂರು ಅಂಗುಲ, ಅಷ್ಟೆ. ಪಶ್ಚಿಮ ಹಿಮಾಲಯದ ಮಿಶ್ರ ಕಾಡುಗಳಲ್ಲಿ ಫರ್, ಸ್ಪ್ರೂಸ್, ದೇವದಾರುಗಳ ಸಸಿ ಎಲ್ಲಿ ಬದುಕುತ್ತದೆ, ಎಲ್ಲಿ ಸಾಯುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಎರಡು ಮೂರು ಅಂಗುಲವೇ.

ನಾನು ಹೇಳಬೇಕೆಂದಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮರ ಕಡಿಯದಿದ್ದರೆ ಕಾಡು ತಾನಾಗಿಯೇ ಉಳಿಯುತ್ತದೆ ಎಂದು ನಾವು ನಂಬಿದ್ದೇವೆ. ಆ ನಂಬಿಕೆ ಅರ್ಧ ಮಾತ್ರ ನಿಜ. ನಿಂತ ಮರವನ್ನು ಉಳಿಸುವುದು ಒಂದು ಕೆಲಸ, ಆ ಮರದ ಬೀಜಕ್ಕೆ ಬೇರೂರುವ ನೆಲ ಸಿಗುವಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಮರೆತರೆ ಕಾಡು ಹಸಿರಾಗಿಯೇ ಇರುತ್ತದೆ, ಆದರೆ ಸಂತಾನವಿಲ್ಲದೆ ಮುದಿಯಾಗುತ್ತ ಹೋಗುತ್ತದೆ.

ನಮ್ಮ ಕಡೆ ಈ ಜಾತಿಯ ಮರಗಳು ತೀರ ಅಪರೂಪ. ದಕ್ಷಿಣ ಭಾರತಕ್ಕೆ ಸಹಜವಾದ ಕೋನಿಫರ್, ಎಂದರೆ ಸೂಚಿಪರ್ಣಿ ಮರ, ಒಂದೇ ಒಂದು. ನೇಜಿಯಾ ವಾಲಿಚಿಯಾನಾ ಎಂಬ ಆ ಮರದ ಎಲೆಯೂ ಸೂಜಿಯಂತಿರದೆ ಅಗಲವಾಗಿರುತ್ತದೆ. ಹಾಗೆಂದು ಹಿಮಾಲಯದ ಕಾಡುಗಳಿಗೂ ನಮಗೂ ನಂಟೇ ಇಲ್ಲವೆನ್ನುವಂತಿಲ್ಲ. ಶಿಮ್ಲಾ ಸೇಬು ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲ ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಆ ಪೆಟ್ಟಿಗೆಗಳ ಹಲಗೆ ಬಹುಪಾಲು ಫರ್ ಮತ್ತು ಸ್ಪ್ರೂಸ್ ಮರದ್ದು. ರಟ್ಟಿನ ಪೆಟ್ಟಿಗೆ ಬರುವವರೆಗೆ ದೇಶದ ಉದ್ದಗಲಕ್ಕೂ ಸೇಬು ತಿಂದವರೆಲ್ಲರ ಪಾಲು ಆ ಕಾಡುಗಳ ಮೇಲಿತ್ತು.

ರಾಯ್, ತೋಶ್, ಕೈಲ್, ಕೇಲೋ

ಹಿಮಾಚಲದ ಹಳ್ಳಿಗರು ಸ್ಪ್ರೂಸನ್ನು ರಾಯ್ ಎನ್ನುತ್ತಾರೆ, ಫರನ್ನು ತೋಶ್ ಎನ್ನುತ್ತಾರೆ. ನೀಲಿ ಪೈನ್ ಅವರಿಗೆ ಕೈಲ್, ದೇವದಾರು ಕೇಲೋ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರಿನಿಂದ 3,300 ಮೀಟರಿನವರೆಗೆ ಈ ನಾಲ್ಕೂ ಒಂದರೊಳಗೊಂದು ಬೆರೆತು ಬೆಳೆಯುತ್ತವೆ. ಕೆಳಗಿನ ಇಳಿಜಾರುಗಳಲ್ಲಿ ದೇವದಾರು ಮತ್ತು ಕೈಲ್ ಹೆಚ್ಚು. ಮೇಲೇರಿದಂತೆ ರಾಯ್, ಅದರ ಮೇಲೆ ತೋಶ್. ಇವುಗಳ ನಡುವೆ ಬಾನ್, ಮೊಹ್ರು, ಖರ್ಸು ಎಂಬ ಓಕ್‌ಗಳು, ಹಾರ್ಸ್ ಚೆಸ್ಟ್‌ನಟ್ಟು, ಅಕ್ರೋಟು, ಮೇಪಲ್ ಮುಂತಾದ ಅಗಲೆಲೆಯ ಮರಗಳಿವೆ. ಮಿಶ್ರ ಕಾಡು ಎಂದು ನಾನು ಹೇಳುತ್ತಿರುವುದು ಇದನ್ನೇ.

ಈ ಕಾಡುಗಳಲ್ಲಿ ಫರ್ ಮತ್ತು ಸ್ಪ್ರೂಸ್ 50 ಮೀಟರ್ ದಾಟಿ ಬೆಳೆಯಬಲ್ಲವು. ಅಂಥ ಮರಗಳ ಬುಡದಲ್ಲಿ ನಿಂತು ಸುತ್ತ ನೋಡಿದರೆ ಅನೇಕ ಕಡೆ ಒಂದು ಕೊರತೆ ಎದ್ದು ಕಾಣುತ್ತದೆ. ಮುದಿಮರಗಳಿವೆ, ನಡುವಯಸ್ಸಿನವು ಕೆಲವಿವೆ, ಮಂಡಿಯೆತ್ತರದ ಮರಿಗಳು ಮಾತ್ರ ಇಲ್ಲ, ಇದ್ದರೂ ಎಲ್ಲೋ ಒಂದೊಂದು. ಅರಣ್ಯಾಧಿಕಾರಿಗಳು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಅವರಲ್ಲೊಬ್ಬರಾದ ಆರ್. ಎಸ್. ಟ್ರೂಪ್ 1921ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭಾರತೀಯ ಮರಗಳ ಸಿಲ್ವಿಕಲ್ಚರ್ (ಕಾಡುಮರ ಬೆಳೆಸುವ ಶಾಸ್ತ್ರ) ಕುರಿತ ಗ್ರಂಥದಲ್ಲಿ ಒಂದೊಂದು ಮರದ ಬೀಜ, ಮೊಳಕೆ, ಎಳೆಸಸಿಗಳ ವಿವರವನ್ನು ಚಿತ್ರಗಳ ಸಮೇತ ದಾಖಲಿಸಿದರು. ಆದರೂ ತೋಶ್ ಮತ್ತು ರಾಯ್ ಮರಗಳ ನೈಸರ್ಗಿಕ ಮರುಹುಟ್ಟಿನ ಸಮಸ್ಯೆ ಬಗೆಹರಿಯಲಿಲ್ಲ. ಕೊನೆಗೆ 1977ರಲ್ಲಿ ಈ ಸಮಸ್ಯೆಯ ಅಧ್ಯಯನಕ್ಕೆಂದೇ ಶಿಮ್ಲಾದಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ತೆರೆದರು. ಇಂದಿನ ಹಿಮಾಲಯನ್ ಅರಣ್ಯ ಸಂಶೋಧನಾ ಸಂಸ್ಥೆ ಬೆಳೆದದ್ದು ಆ ಬೀಜದಿಂದ. ಎರಡು ಜಾತಿಯ ಮರಗಳಿಗೆ ಮರಿ ಏಕೆ ಆಗುತ್ತಿಲ್ಲ ಎಂದು ತಿಳಿಯಲು ಒಂದು ಸಂಸ್ಥೆಯನ್ನೇ ಕಟ್ಟಬೇಕಾಯಿತೆಂದರೆ ಸಮಸ್ಯೆ ಎಷ್ಟು ಆಳದ್ದೆಂದು ಊಹಿಸಬಹುದು.

ಒಂದು ಬೀಜದ ಮೊದಲ ವರ್ಷ

ತೋಶ್ ಮರದ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಂತು ಬಲಿಯುತ್ತದೆ. ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಮರದ ಮೇಲೆಯೇ ಬಿರಿದು ಚೂರುಚೂರಾಗಿ, ರೆಕ್ಕೆಯುಳ್ಳ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಒಳ್ಳೆಯ ಬೀಜದ ವರ್ಷ ಪ್ರತಿ ವರ್ಷ ಬರುವುದಿಲ್ಲ. ನಡುವೆ ಹಲವು ವರ್ಷ ಮರ ಸುಮ್ಮನಿರುತ್ತದೆ. ಬಂದ ವರ್ಷವೂ ಬೀಜಗಳಲ್ಲಿ ಜೊಳ್ಳು ಬಹಳ. ಗಟ್ಟಿಯಾದದ್ದು ನೆಲ ಸೇರಿ, ಅದರ ಮೇಲೆ ಹಿಮ ಮುಚ್ಚಿಕೊಳ್ಳುತ್ತದೆ. ಹಿಮದಡಿಯ ತಂಪು ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಬೀಜ ಹಿಮ ಕರಗುವ ಏಪ್ರಿಲ್–ಮೇ ಹೊತ್ತಿಗೆ ಮೊಳೆಯಲು ಸಿದ್ಧವಾಗಿರುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ.

ತೊಡಕು ಶುರುವಾಗುವುದು ಬೀಜ ಬಿದ್ದ ನೆಲದಲ್ಲಿ. ಹಳೆಯ ತೋಶ್ ಕಾಡಿನ ನೆಲವನ್ನು ಒಂದು ಚಾಕುವಿನಿಂದ ನೆಟ್ಟಗೆ ಕೊಯ್ದು ನೋಡಿ. ಮೇಲೆ ಈ ವರ್ಷ ಉದುರಿದ ಸೂಜಿಯೆಲೆಗಳು, ಇನ್ನೂ ಇಡಿಯಾಗಿ, ಸಡಿಲವಾಗಿ ಬಿದ್ದಿರುತ್ತವೆ. ಅದರ ಕೆಳಗೆ ಹಿಂದಿನ ವರ್ಷಗಳ ಎಲೆಗಳು ಮುರಿದು, ಕಂದು ಬಣ್ಣಕ್ಕೆ ತಿರುಗಿ, ಅಣಬೆಯ ಬಿಳಿ ಎಳೆಗಳಿಂದ ಹೆಣೆದುಕೊಂಡಿರುತ್ತವೆ. ಇನ್ನೂ ಕೆಳಗೆ ಕೈಗೆ ಜಿಡ್ಡುಜಿಡ್ಡಾಗಿ ಅಂಟುವ ಕಪ್ಪು ಹ್ಯೂಮಸ್. ಇದೆಲ್ಲ ದಾಟಿದ ಮೇಲೆ ಕಂದು ಖನಿಜ ಮಣ್ಣು. ಚಳಿಯ ಎತ್ತರದಲ್ಲಿ, ಆಮ್ಲೀಯ ನೆಲದಲ್ಲಿ ಸೂಜಿಯೆಲೆ ಬೇಗ ಕೊಳೆಯುವುದಿಲ್ಲವಾದ್ದರಿಂದ ಈ ಪದರಗಳು ಕೆಲವೆಡೆ ಗೇಣುದಪ್ಪಕ್ಕೆ ಬೆಳೆದಿರುತ್ತವೆ.

ಬೀಜಕ್ಕೆ ಈ ಹಾಸಿಗೆ ಹಿತವೆನಿಸುತ್ತದೆ. ಹಿಮ ಕರಗಿದ ನೀರಿನಲ್ಲಿ ನೆಂದ ದರಗಿನಲ್ಲಿ, ಎಂದರೆ ಉದುರಿದೆಲೆಯ ಪದರದಲ್ಲಿ, ಅದು ಸುಲಭವಾಗಿ ಮೊಳೆಯುತ್ತದೆ. ಆಮೇಲೆ ಬರುವುದು ಮೇ ಮತ್ತು ಜೂನ್, ಮಳೆಗಾಲಕ್ಕೆ ಮುಂಚಿನ ಒಣ ದಿನಗಳು. ಮಲೆನಾಡಿನ ಕೊಟ್ಟಿಗೆಯಲ್ಲಿ ಹಾಸಿದ ದರಗು ಮೇಲೆ ಗರಿಗರಿಯಾಗಿ, ಕೆಳಗೆ ಹಸಿಯಾಗಿ ಇರುವಂತೆ ಇಲ್ಲಿಯೂ ಮೇಲಿನ ಪದರ ದಿನಗಳಲ್ಲಿ ಒಣಗಿಬಿಡುತ್ತದೆ. ಅದರ ಎಳೆಗಳ ನಡುವೆ ಗಾಳಿ ತುಂಬಿರುವುದರಿಂದ ಕೆಳಗಿನ ಮಣ್ಣಿನ ನೀರು ಮೇಲಕ್ಕೆ ಹತ್ತುವುದಿಲ್ಲ. ಮೊಳಕೆಯ ಬೇರು ಅಷ್ಟರೊಳಗೆ ಖನಿಜ ಮಣ್ಣನ್ನು ಮುಟ್ಟಬೇಕು, ಮುಟ್ಟದಿದ್ದರೆ ಒಣಗಬೇಕು. ಮೇಲೆ ಮರಗಳ ನಡುವೆ ಕಿಂಡಿ ಇದ್ದು ನೇರ ಬಿಸಿಲು ಬಿದ್ದರಂತೂ ಕಪ್ಪು ಹ್ಯೂಮಸ್ಸಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಮೊಳಕೆಯ ಕಾಂಡ ನೆಲಕ್ಕೆ ತಾಗುವ ಕಡೆಯಲ್ಲೇ ಬೆಂದು, ಅಲ್ಲಿಂದಲೇ ಬಾಗಿ ಬೀಳುತ್ತದೆ.

ಬೇಸಿಗೆಯನ್ನು ದಾಟಿದ ಮೊಳಕೆಗೆ ಮಳೆಗಾಲ ಇನ್ನೊಂದು ಪರೀಕ್ಷೆ. ತೇವ ಮತ್ತು ನೆರಳಿನಲ್ಲಿ ಕೊಳೆರೋಗದ ಶಿಲೀಂಧ್ರಗಳು ಎಳೆ ಕಾಂಡವನ್ನು ಕತ್ತರಿಸುತ್ತವೆ. ಗೌರಿಹೂವಿನ ಜಾತಿಯ ಕಾಡುಗಿಡಗಳು, ಜರಿಗಿಡಗಳು, ಸ್ಟ್ರೋಬಿಲಾಂತಸ್ ಪೊದೆಗಳು ಕೆಲವೇ ವಾರಗಳಲ್ಲಿ ಸೊಂಟದೆತ್ತರಕ್ಕೆ ಏರುತ್ತವೆ. ಮೊದಲ ವರ್ಷದ ತೋಶ್ ಸಸಿಯ ಎತ್ತರ ಕೆಲವೇ ಸೆಂಟಿಮೀಟರ್. ಅದರ ಪಾಲಿಗೆ ಆಕಾಶವೇ ಮುಚ್ಚಿಹೋಗುತ್ತದೆ. ಚಳಿ ಬಂದಾಗ ಆ ಕಳೆಗಿಡಗಳೆಲ್ಲ ಒಣಗಿ ಸಸಿಯ ಮೇಲೆಯೇ ಅಡ್ಡ ಬೀಳುತ್ತವೆ, ಅದರ ಮೇಲೆ ಹಿಮದ ಭಾರ. ಹಿಮ ಕರಗಿದಾಗ ಸಸಿ ನೆಲಕ್ಕೆ ಅಂಟಿಕೊಂಡು ಸತ್ತಿರುತ್ತದೆ.

ಈ ಸರಣಿಯಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಣ ಬೇಸಿಗೆ, ಕಳೆ, ಹಿಮ ಮೂರೂ ಸೇರಿ ಸಸಿಯನ್ನು ಕೊಲ್ಲುತ್ತವೆ ನಿಜ. ಆದರೆ ಅದೇ ಇಳಿಜಾರಿನಲ್ಲಿ, ಅದೇ ಮಳೆ ಹಿಮಗಳಲ್ಲಿ, ಹಾದಿಯ ಅಂಚಿನ ಕೆದರಿದ ಮಣ್ಣಿನ ಮೇಲೆ ಸಸಿಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ಬೇರು ಮೊದಲ ವಾರದಲ್ಲೇ ಗಟ್ಟಿ ಮಣ್ಣಿಗೆ ಇಳಿದಿರುತ್ತದೆ. ಹವೆ ಒಂದೇ, ಬೀಜ ಒಂದೇ, ನೆಲ ಬೇರೆ.

ನೆಲವೆಂದರೆ ಒಂದೇ ನೆಲವಲ್ಲ

ಬೀಜದ ಗತಿ ಅದು ಬಿದ್ದ ನೆಲವನ್ನು ಅವಲಂಬಿಸಿದೆ ಎಂಬ ಮಾತಿಗೆ ಪ್ರಯೋಗದ ಆಧಾರ ಕೊಟ್ಟವರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಜಾನ್ ಹಾರ್ಪರ್ ಮುಖ್ಯರು. ಅವರೂ ಅವರ ಸಹೋದ್ಯೋಗಿಗಳೂ 1965ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಒಂದೇ ಮಣ್ಣಿನ ಮೇಲ್ಮೈಯಲ್ಲಿ ಕೆಲವು ಕಡೆ ಸಣ್ಣ ತಗ್ಗು ಮಾಡಿದರು, ಕೆಲವು ಕಡೆ ಗಾಜಿನ ಹಲಗೆ ಇಟ್ಟರು, ಕೆಲವು ಕಡೆ ಮರದ ಚೌಕಟ್ಟು ಒತ್ತಿದರು. ಅದರ ಮೇಲೆ ಒಂದೇ ಕುಲದ ಮೂರು ಜಾತಿಯ ಗಿಡಗಳ ಬೀಜ ಚೆಲ್ಲಿದರು. ಒಂದೊಂದು ಜಾತಿ ಒಂದೊಂದು ಬಗೆಯ ಜಾಗದಲ್ಲಿ ಹೆಚ್ಚಾಗಿ ಮೊಳೆಯಿತು. ಬೀಜಕ್ಕೆ ಸುರಕ್ಷಿತವಾದ ನೆಲೆ ಎಂಬ ಹಾರ್ಪರ್ ಅವರ ಕಲ್ಪನೆ ಸಸ್ಯಪರಿಸರ ವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿದೆ. ಒಂದು ಗಿಡದ ಸಂಖ್ಯೆಯನ್ನು ಬೀಜದ ಪ್ರಮಾಣಕ್ಕಿಂತ ಹೆಚ್ಚಾಗಿ ಇಂಥ ನೆಲೆಗಳ ಸಂಖ್ಯೆ ನಿರ್ಧರಿಸಬಹುದು ಎಂಬುದು ಅದರ ತಿರುಳು.

ಸೂಚಿಪರ್ಣಿ ಕಾಡುಗಳಲ್ಲಿ ಇದಕ್ಕೆ ಅತಿ ಸ್ಪಷ್ಟವಾದ ಸಾಕ್ಷಿ ಸಿಕ್ಕಿದ್ದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಸಿಟ್ಕಾ ಸ್ಪ್ರೂಸ್–ಹೆಮ್ಲಾಕ್ ಕಾಡುಗಳಲ್ಲಿ ಪರಿಸರ ವಿಜ್ಞಾನಿಗಳಾದ ಮಾರ್ಕ್ ಹಾರ್ಮನ್ ಮತ್ತು ಜೆರ್ರಿ ಫ್ರಾಂಕ್ಲಿನ್ 1989ರಲ್ಲಿ ವರದಿ ಮಾಡಿದ ಲೆಕ್ಕ ಹೀಗಿದೆ. ಬಿದ್ದು ಕೊಳೆಯುತ್ತಿರುವ ಮರದ ದಿಮ್ಮಿಗಳು ಆವರಿಸಿದ್ದು ಕಾಡಿನ ನೆಲದ ಶೇ. 6ರಿಂದ 11 ಭಾಗ ಮಾತ್ರ. ಮರಗಳ ಸಸಿಗಳಲ್ಲಿ ಶೇ. 94ರಿಂದ 98 ನಿಂತಿದ್ದು ಆ ದಿಮ್ಮಿಗಳ ಮೇಲೆ. ಉಳಿದ ನೆಲವೆಲ್ಲ ದಟ್ಟ ಪಾಚಿ ಮತ್ತು ಸಣ್ಣ ಗಿಡಗಳ ವಶದಲ್ಲಿತ್ತು. ಅಲ್ಲಿ ಬಿದ್ದ ಬೀಜಕ್ಕೆ ಆ ಪೈಪೋಟಿಯಲ್ಲಿ ಉಳಿಗಾಲವಿರಲಿಲ್ಲ.

ಕೊಳೆತ ದಿಮ್ಮಿಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ತೊಗಟೆ ಕಳಚಿ ಮೆತ್ತಗಾದ ಮರ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೆಲದಿಂದ ಎತ್ತರದಲ್ಲಿರುವುದರಿಂದ ಉದುರಿದ ಎಲೆ ಅದರ ದುಂಡು ಬೆನ್ನಿನ ಮೇಲೆ ನಿಲ್ಲದೆ ಜಾರಿ ಬೀಳುತ್ತದೆ, ಎತ್ತರದ ಕಳೆಗಳಿಗೂ ಅಲ್ಲಿ ಬೇರೂರಲು ಕಷ್ಟ. ನಮ್ಮ ಹಿಮಾಲಯದ ಕಾಡುಗಳಲ್ಲಿಯೂ ಬಿದ್ದ ಮರದ ಮೇಲೆ, ಹಳೆಯ ಮೋಟಿನ ಮೇಲೆ ಎಳೆಸಸಿಗಳು ನಿಂತಿರುವುದನ್ನು ಕಾಣಬಹುದು. ಕಾಡನ್ನು ಚೊಕ್ಕಟ ಮಾಡುತ್ತೇವೆಂದು ಬಿದ್ದ ಮರವನ್ನೆಲ್ಲ ಎಳೆದು ತೆಗೆದರೆ ಆ ನೆಲೆಗಳನ್ನೂ ಎಳೆದು ತೆಗೆದಂತೆಯೇ.

ಹಾಗಾದರೆ ದರಗನ್ನೆಲ್ಲ ಕೆರೆದು ಬರಿ ಮಣ್ಣು ಮಾಡಿಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದೂ ಸಲ್ಲದು. ಬರಿ ಮಣ್ಣಿನಲ್ಲಿ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟಿ ಸೂಜಿಯಂಥ ಮಂಜುಗಡ್ಡೆಗಳು ಮೇಲೇಳುತ್ತವೆ. ಅವು ಎಳೆಸಸಿಯನ್ನು ಬೇರುಸಮೇತ ಎತ್ತಿಬಿಡುತ್ತವೆ. ಕಡಿದಾದ ಇಳಿಜಾರಿನಲ್ಲಿ ಮೊದಲ ದೊಡ್ಡ ಮಳೆಗೆ ಮಣ್ಣೇ ಕೊಚ್ಚಿಹೋಗುತ್ತದೆ. ಮರಗಳಿಗೆ ಬೇಕಾದ ಸಾರಜನಕದ ದೊಡ್ಡ ಪಾಲು ಇರುವುದೂ ಆ ಹ್ಯೂಮಸ್ಸಿನಲ್ಲಿಯೇ. ಹಾಗಾಗಿ ಸಸಿಗೆ ಬೇಕಾದದ್ದು ತೆಳುವಾದ ದರಗು, ಮಣ್ಣಿನೊಡನೆ ಬೆರೆತ ಹ್ಯೂಮಸ್, ಅಲ್ಲಲ್ಲಿ ತೆರೆದ ಮಣ್ಣಿನ ಸಣ್ಣ ತುಂಡು.

ಬೆರೆತು ಬೆಳೆಯುವುದರ ಲಾಭ ನಷ್ಟ

ಮಿಶ್ರ ಕಾಡಿನಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಅಗಲ ಎಲೆ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದು, ಹಿಮದಡಿ ಒತ್ತಿ, ಹಾಳೆಯಂತೆ ಅಂಟಿಕೊಳ್ಳುತ್ತದೆ. ಕೆನಡಾದ ಆಸ್ಪೆನ್ ಕಾಡುಗಳಲ್ಲಿ ಬಿಳಿ ಸ್ಪ್ರೂಸಿನ ಸಣ್ಣ ಸಸಿಗಳು ಹೀಗೆಯೇ ಎಲೆಯಡಿ ಸಿಕ್ಕಿ ಸಾಯುತ್ತವೆ. ಬಿಳಿ ಸ್ಪ್ರೂಸಿನ ಬೀಜದ ತೂಕ ಸುಮಾರು ಎರಡು ಮಿಲಿಗ್ರಾಂ. ಅಷ್ಟು ಸಣ್ಣ ಬೀಜದಲ್ಲಿ ಎಲೆಯ ಹಾಳೆಯನ್ನು ತೂರಿಕೊಂಡು ಹೋಗುವಷ್ಟು ಬುತ್ತಿ ಇರುವುದಿಲ್ಲ. ಬೀಜ ದೊಡ್ಡದಾದಂತೆ ಬುತ್ತಿಯೂ ದೊಡ್ಡದು, ಮೊದಲ ಬೇರೂ ಉದ್ದ. ದೇವದಾರುವಿನ ಬೀಜ ರಾಯ್ ಬೀಜಕ್ಕಿಂತ ಎಷ್ಟೋ ದೊಡ್ಡದು, ಅದು ಬೇಗ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಖರ್ಸು ಓಕ್‌ನ ಕಾಯಿಯಂತೂ ಮಳೆಗಾಲದಲ್ಲೇ ಬಲಿತು, ಉದುರಿದ ಕೂಡಲೇ ಮೊಳೆಯುತ್ತದೆ, ಒಣ ಬೇಸಿಗೆಯ ಗೊಡವೆಯೇ ಅದಕ್ಕಿಲ್ಲ. ಕೈಲ್ ಇನ್ನೊಂದು ದಾರಿ ಹಿಡಿದಿದೆ. ಭೂಕುಸಿತವಾದ ಜಾಗ, ಪಾಳುಬಿಟ್ಟ ಹೊಲ, ಬಿಸಿಲು ಬೀಳುವ ತೆರೆದ ಮಣ್ಣು ಎಲ್ಲಿದ್ದರೂ ಮೊದಲು ಬರುವುದು ಅದೇ.

ಒಂದೇ ಕಾಡಿನಲ್ಲಿ ಇಷ್ಟು ಮರಗಳು ಜೊತೆಗಿರಲು ಒಂದು ಕಾರಣ ಇದೇ. ನೆಲದಲ್ಲಿ ಎಷ್ಟು ಬಗೆಯ ನೆಲೆಗಳಿವೆಯೋ ಅಷ್ಟು ಬಗೆಯ ಮರಗಳಿಗೆ ಅವಕಾಶವಿದೆ. ಅಗಲೆಲೆಯ ಮರಗಳಿಂದ ಉಪಕಾರವೂ ಇದೆ. ಮೇಪಲ್, ಅಕ್ರೋಟುಗಳಂಥ ಮರಗಳ ಎಲೆ ಸೂಜಿಯೆಲೆಗಿಂತ ಬೇಗ ಕೊಳೆಯುತ್ತದೆ, ಎರೆಹುಳು ಮುಂತಾದ ಮಣ್ಣಿನ ಜೀವಿಗಳನ್ನು ಸಾಕುತ್ತದೆ, ಹ್ಯೂಮಸ್ಸು ಮಣ್ಣಿನಲ್ಲಿ ಬೆರೆಯಲು ನೆರವಾಗುತ್ತದೆ. ಸೂಚಿಪರ್ಣಿಗಳ ಬೇರಿಗೆ ಬೇಕಾದ ಸಹಜೀವಿ ಶಿಲೀಂಧ್ರಗಳು ಓಕ್ ಬೇರುಗಳಲ್ಲಿಯೂ ಇರುತ್ತವೆ. ಓಕ್ ಮರಗಳನ್ನು ಸೌದೆಗೆ, ಮೇವಿಗೆ ಸವರಿ ಮುಗಿಸಿದ ಕಾಡಿನಲ್ಲಿ ಸೂಚಿಪರ್ಣಿಗಳೂ ಒಂದು ಆಸರೆ ಕಳೆದುಕೊಳ್ಳುತ್ತವೆ.

ಕೊಡಲಿ, ಕುರಿ, ಬೆಂಕಿ

ಮನುಷ್ಯ ಈ ನೆಲವನ್ನು ಮೂರು ಬಗೆಯಲ್ಲಿ ಬದಲಿಸಿದ್ದಾನೆ. ಮೊದಲನೆಯದು ಕೊಡಲಿ. ಬೀಜದ ಮರಗಳನ್ನಷ್ಟೇ ಉಳಿಸಿ ಉಳಿದವನ್ನು ಹಂತಹಂತವಾಗಿ ಕಡಿದರೆ, ಬೆಳಕು ಬಿದ್ದು ಸಸಿ ತಾನಾಗಿ ಬರುತ್ತದೆ ಎಂಬ ಲೆಕ್ಕಾಚಾರ ಯುರೋಪಿನಿಂದ ಬಂದ ಅರಣ್ಯಶಾಸ್ತ್ರದಲ್ಲಿತ್ತು. ದೇವದಾರು ಕಾಡುಗಳಲ್ಲಿ ಅದು ಅನೇಕ ಕಡೆ ಫಲಿಸಿತು. ತೋಶ್–ರಾಯ್ ಕಾಡುಗಳಲ್ಲಿ ಬೆಳಕು ಬಿತ್ತು, ದಪ್ಪ ದರಗು ಹಾಗೆಯೇ ಉಳಿಯಿತು, ಸಸಿಗಿಂತ ಮೊದಲು ಕಳೆ ಬಂತು. ಮುಂಗಾರು ಮಳೆಯಿಲ್ಲದ ನಾಡಿನ ಪಾಠ ಮುಂಗಾರಿನ ನಾಡಿಗೆ ಇದ್ದ ಹಾಗೆಯೇ ಹೊಂದಲಿಲ್ಲ.

ಎರಡನೆಯದು ಮೇಯುವ ಹಿಂಡು. ಗದ್ದಿ ಕುರುಬರ ಕುರಿ ಮೇಕೆಗಳು, ಗುಜ್ಜರರ ಎಮ್ಮೆಗಳು ಈ ಕಾಡುಗಳನ್ನು ಹಾದು ಎತ್ತರದ ಹುಲ್ಲುಗಾವಲಿಗೆ ಹೋಗುತ್ತವೆ. ಹಿಂಡು ಒಂದೆಡೆ ಬಹಳ ದಿನ ನಿಂತರೆ ಸಸಿಗಳು ತುಳಿತಕ್ಕೆ, ಬಾಯಿಗೆ ಸಿಕ್ಕಿ ಹಾಳಾಗುತ್ತವೆ, ಇದರಲ್ಲಿ ಸಂಶಯವಿಲ್ಲ. ಆದರೆ ಬೀಜ ಬೀಳುವ ಮುಂಚೆ ಹಾದುಹೋಗುವ ಹಿಂಡಿನ ಗೊರಸು ದರಗನ್ನು ಕೆದರುತ್ತದೆ, ಕಳೆಯನ್ನು ತಗ್ಗಿಸುತ್ತದೆ ಎಂಬುದೂ ಅಷ್ಟೇ ನಿಜ. ಹಾಗಾಗಿ ಎಷ್ಟು ದಿನ, ಯಾವ ತಿಂಗಳು ಎಂಬ ಪ್ರಶ್ನೆಯನ್ನು ಬಿಟ್ಟು ಕುರುಬರನ್ನು ಕಾಡಿನ ಶತ್ರುಗಳೆಂದು ಕರೆಯುವುದು ಅನ್ಯಾಯ.

ಮೂರನೆಯದು ಬೆಂಕಿ. ಕೆನಡಾದ ಆಲ್ಬರ್ಟಾದಲ್ಲಿ ಕಾಡ್ಗಿಚ್ಚು ಮತ್ತು ಒಳ್ಳೆಯ ಬೀಜದ ವರ್ಷ ಒಟ್ಟಿಗೆ ಬಂದಾಗ ಬಿಳಿ ಸ್ಪ್ರೂಸ್ ಧಾರಾಳವಾಗಿ ಮರುಹುಟ್ಟುತ್ತದೆ. ತಡವಾದರೆ ಸುಟ್ಟು ತೆರೆದ ನೆಲ ಕೆಲವೇ ವರ್ಷಗಳಲ್ಲಿ ಹುಲ್ಲು ಪಾಚಿಗಳಿಂದ ಮುಚ್ಚಿಹೋಗುತ್ತದೆ. ಹಿಮಾಲಯದಲ್ಲಿಯೂ ಕಡಿದ ಮರದ ರೆಂಬೆಕೊಂಬೆಗಳನ್ನು ಅಲ್ಲಲ್ಲಿ ಗುಡ್ಡೆ ಹಾಕಿ, ಕಾವಲಿನಲ್ಲಿ ಸುಟ್ಟು, ನೆಲ ಹದಗೊಳಿಸುವ ರೂಢಿ ಅರಣ್ಯ ಇಲಾಖೆಗಳಲ್ಲಿತ್ತು. ಲಗಾಮಿಲ್ಲದ ಬೆಂಕಿಗೆ ಮಾತ್ರ ಎಳೆಯ ತೋಶ್ ಉಳಿಯುವುದಿಲ್ಲ. ಅದರ ತೊಗಟೆ ತೆಳು.

ಇನ್ನು ಮುಂದೆ

ನಿಂತ ಮರವನ್ನು ಉಳಿಸುವ ಕೆಲಸ ಹಿಂದೆಯೇ ನಡೆದಿದೆ. 1973ರಲ್ಲಿ ಗಢವಾಲದಲ್ಲಿ ಮರಗಳನ್ನು ಅಪ್ಪಿ ಉಳಿಸುವ ಚಿಪ್ಕೋ ಚಳವಳಿ ಶುರುವಾಯಿತು. 1981ರಲ್ಲಿ ಅಂದಿನ ಉತ್ತರ ಪ್ರದೇಶದ ಬೆಟ್ಟಗಳಲ್ಲಿ 1,000 ಮೀಟರಿಗಿಂತ ಎತ್ತರದಲ್ಲಿ ಹಸಿಮರ ಕಡಿಯುವುದಕ್ಕೆ 15 ವರ್ಷಗಳ ತಡೆ ಬಿತ್ತು. 1983ರಲ್ಲಿ ಅದೇ ಸ್ಫೂರ್ತಿ ನಮ್ಮ ಉತ್ತರ ಕನ್ನಡದ ಸಾಲ್ಕಣಿಯಲ್ಲಿ ಅಪ್ಪಿಕೋ ಆಗಿ ಮೂಡಿತು. ಆ ಹೋರಾಟಗಳಿಲ್ಲದಿದ್ದರೆ ಇಂದು ಮರುಹುಟ್ಟಿನ ಮಾತಾಡಲು ತಾಯಿಮರಗಳೇ ಇರುತ್ತಿರಲಿಲ್ಲ. ಅಪ್ಪಿಕೋದ ಘೋಷಣೆಯಲ್ಲಿ ಮೂರು ಕೆಲಸಗಳಿದ್ದವು: ಉಳಿಸು, ಬೆಳೆಸು, ಬಳಸು. ಮೊದಲನೆಯದನ್ನು ನಾವು ತಕ್ಕಮಟ್ಟಿಗೆ ಮಾಡಿದ್ದೇವೆ. ಎರಡನೆಯದನ್ನು ಸಸಿ ನೆಡುವ ಕಾರ್ಯಕ್ರಮಕ್ಕೆ ಸೀಮಿತಗೊಳಿಸಿದ್ದೇವೆ.

ನೆಡುವುದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ತೋಶ್, ರಾಯ್ ಸಸಿಗಳನ್ನು ನರ್ಸರಿಯಲ್ಲಿ ನಾಲ್ಕೈದು ವರ್ಷ ಸಾಕಿದ ಮೇಲೆಯೇ ನೆಡಲು ಸಾಧ್ಯ. ಅಷ್ಟು ಖರ್ಚು ಮಾಡಿ ಪ್ರತಿ ಇಳಿಜಾರನ್ನೂ ತುಂಬಲಾಗದು. ಮರವೇ ಬೀಜ ಕೊಡುತ್ತಿರುವಾಗ ನೆಲವನ್ನು ಹದಗೊಳಿಸುವುದು ಹೆಚ್ಚು ವಿವೇಕದ ದಾರಿ. ಅದಕ್ಕೆ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಒಂದು, ಬೀಜದ ವರ್ಷವನ್ನು ಕಾದು ಕೆಲಸ ಮಾಡಬೇಕು. ಬೇಸಿಗೆಯಲ್ಲೇ ಮರದ ತುದಿಯಲ್ಲಿ ಎಳೆಕಾಯಿ ಕಾಣುತ್ತದೆ. ಕಾಯಿ ಹೇರಳವಾಗಿರುವ ವರ್ಷ, ಬೀಜ ಉದುರುವ ಮುಂಚೆ, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಸಣ್ಣ ತುಂಡುಗಳಲ್ಲಿ ದರಗು ಸರಿಸಿ ಮಣ್ಣನ್ನು ತುಸು ಕೆದಕಬೇಕು. ತೀರ ಕಡಿದಾದ ಕಡೆ ಕೈಹಾಕಬಾರದು. ಎರಡು, ಬಿದ್ದ ಮರಗಳಲ್ಲಿ ಒಂದು ಪಾಲನ್ನು ಕಾಡಿನಲ್ಲೇ ಕೊಳೆಯಲು ಬಿಡಬೇಕು. ಮೂರು, ಸಸಿ ಬಂದ ಭಾಗಗಳನ್ನು ಕೆಲವು ವರ್ಷ ಮೇವಿಗೆ ಮುಚ್ಚುವುದಾದರೆ ಕುರುಬರೊಂದಿಗೆ ಕೂತು, ಅವರ ಹಾದಿ ಮತ್ತು ತಿಂಗಳುಗಳನ್ನು ತಿಳಿದು ಗೊತ್ತುಮಾಡಬೇಕು. ನಾಲ್ಕು, ಓಕ್, ಮೇಪಲ್, ಅಕ್ರೋಟುಗಳನ್ನು ಕಳೆ ಮರಗಳೆಂದು ಎಣಿಸದೆ ಕಾಡಿನ ಅಂಗವೆಂದೇ ಕಾಪಾಡಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ವಿಷಯದಲ್ಲಿ ಸಂಶೋಧನೆಗೆ ದುಬಾರಿ ಯಂತ್ರ ಬೇಕಿಲ್ಲ. ಒಂದು ಮೀಟರ್ ಚೌಕದ ಚೌಕಟ್ಟು, ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು ಸಾಕು. ದರಗು ಎಷ್ಟು ದಪ್ಪ, ಯಾವ ಮೊಳಕೆ ಯಾವುದರ ಮೇಲೆ ನಿಂತಿದೆ, ಮುಂದಿನ ವರ್ಷ ಅದು ಇದೆಯೇ ಎಂದು ಬರೆದಿಡಿ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಬಹುದು, ಉತ್ತರಗಳು ಬೇರೆ ಇರುತ್ತವೆ. ಬೇಕಾದದ್ದು ಒಂದೇ ಜಾಗವನ್ನು ಹಲವು ಬೀಜದ ವರ್ಷಗಳವರೆಗೆ ನೋಡುವ ತಾಳ್ಮೆ. ಮೂರು ವರ್ಷಕ್ಕೆ ಮುಗಿಯುವ ಯೋಜನೆಗಳಿಂದ ಇದು ಆಗದು. ವಿಶ್ವವಿದ್ಯಾಲಯಗಳು ತಮ್ಮ ಹೆಸರಿನಲ್ಲೇ ಇಂಥ ಕಾಯಂ ತಾಕುಗಳನ್ನು ನಡೆಸಬೇಕು.

ನಾಗರಿಕರಾದ ನಮ್ಮೆಲ್ಲರ ಕೆಲಸ ಇನ್ನೊಂದಿದೆ. ವನಮಹೋತ್ಸವದ ದಿನ ಎಷ್ಟು ಲಕ್ಷ ಸಸಿ ನೆಟ್ಟಿರಿ ಎಂದು ಸರ್ಕಾರವನ್ನು ಕೇಳುತ್ತೇವೆ. ಅದರ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ: ಕಾಡಿನಲ್ಲಿ ತಾನಾಗಿ ಹುಟ್ಟಿದ ಸಸಿಗಳಲ್ಲಿ ಮೂರು ವರ್ಷ ದಾಟಿ ನಿಂತವು ಎಷ್ಟು, ನಿಲ್ಲದಿದ್ದರೆ ಅಲ್ಲಿನ ನೆಲಕ್ಕೆ ಏನಾಗಿದೆ? ಪ್ರತಿ ಅರಣ್ಯ ವಿಭಾಗದ ಕಾರ್ಯಯೋಜನೆಯಲ್ಲಿ ಈ ಲೆಕ್ಕ ಇರಲೇಬೇಕೆಂದು ಒತ್ತಾಯಿಸೋಣ.